ಟಿಕೆಟ್ ಒಂದು ಕಂಪೆನಿಯದ್ದು, ಪೈಲಟ್ ಇನ್ನೊಂದರವ: ಅಮೆರಿಕದಲ್ಲಿ 76 ಸೀಟುಗಳ ಜಗಳ

ಅಮೆರಿಕದ ಸಣ್ಣ ಊರುಗಳಿಂದ ಡೆಲ್ಟಾ, ಯುನೈಟೆಡ್ ಅಥವಾ ಅಮೆರಿಕನ್ ಏರ್‌ಲೈನ್ಸ್ ಟಿಕೆಟ್ ತೆಗೆದು ಹೊರಟವರು ಎಷ್ಟೋ ಸಲ ಆ ಕಂಪೆನಿಯ ಪೈಲಟ್‌ನ ಮುಖವನ್ನೇ ನೋಡುವುದಿಲ್ಲ. ವಿಮಾನದ ಬಣ್ಣ, ಹೆಸರು ದೊಡ್ಡ ಕಂಪೆನಿಯದ್ದೇ. ಹಾರಿಸುವವರು ಮಾತ್ರ ಸ್ಕೈವೆಸ್ಟ್, ರಿಪಬ್ಲಿಕ್‌ನಂತಹ ಪ್ರಾದೇಶಿಕ ಕಂಪೆನಿಗಳ ನೌಕರರು. ಪೈಲಟ್ ಯೂನಿಯನ್‌ಗಳು ಮಾತುಕತೆಗೆ ಕುಳಿತಾಗ ಸಂಬಳದಷ್ಟೇ ಬಿಸಿ ಏರಿಸುವುದು ಈ ಹೊರಗುತ್ತಿಗೆ.

ಇದಕ್ಕೆ ಕಡಿವಾಣ ಹಾಕುವ ಷರತ್ತಿಗೆ 'ಸ್ಕೋಪ್ ಕ್ಲಾಸ್' ಅಂತ ಹೆಸರು. ಮೂರೂ ಕಂಪೆನಿಗಳಲ್ಲಿ ಹೊರಗಿನವರಿಗೆ ಕೊಡಬಹುದಾದ ವಿಮಾನಕ್ಕೆ ಮಿತಿ 76 ಸೀಟು, 86,000 ಪೌಂಡ್ ತೂಕ. ಅಂತಹ ವಿಮಾನಗಳ ಸಂಖ್ಯೆಗೂ ಲೆಕ್ಕ ಉಂಟು. ಈ ಗೆರೆಯ ಬಲ ಎಷ್ಟೆಂದರೆ, ಬ್ರೆಝಿಲ್‌ನ ಎಂಬ್ರೇಯರ್ ಕಡಿಮೆ ಇಂಧನ ಕುಡಿಯುವ ಹೊಸ ಇ175-ಇ2 ವಿಮಾನ ತಯಾರಿಸಿದರೂ ತೂಕ ಮಿತಿ ದಾಟಿತು. ಅಮೆರಿಕದವರು ಈಗಲೂ ಹಳೆಯ ಇ175 ಅನ್ನೇ ಕೊಳ್ಳುತ್ತಿದ್ದಾರೆ.

ಆದರೆ ಈ ಕೆಲಸ ಕೈತಪ್ಪಿದ್ದರಲ್ಲಿ ಯೂನಿಯನ್‌ಗಳ ಪಾಲೂ ಇದೆ. 1990ರ ದಶಕದಲ್ಲಿ 50 ಸೀಟಿನ ಜೆಟ್ ಬಂದಾಗ ಹಿರಿಯ ಪೈಲಟ್‌ಗಳಿಗೆ ಅದು ತಮ್ಮ ಘನತೆಗೆ ತಕ್ಕ ವಿಮಾನ ಅನಿಸಲಿಲ್ಲ. ಬಿಟ್ಟುಕೊಟ್ಟರು. 2001ರ ದಾಳಿಯ ಬಳಿಕ ಕಂಪೆನಿಗಳು ದಿವಾಳಿ ಕೋರ್ಟಿನ ಬಾಗಿಲು ತಟ್ಟಿದಾಗ 50 ಎಂಬುದು 70 ಆಯಿತು, 76 ಆಯಿತು. 2012ರಲ್ಲಿ ಡೆಲ್ಟಾ ಯೂನಿಯನ್ 76 ಸೀಟಿನ ಜೆಟ್‌ಗಳನ್ನು 223ರ ತನಕ ಏರಿಸಲು ಒಪ್ಪಿತು. ಬದಲಿಗೆ 50 ಸೀಟಿನವು ಇಳಿಯಬೇಕು, 88 ಬೋಯಿಂಗ್ 717ಗಳು ತನ್ನದೇ ಪೈಲಟ್‌ಗಳ ಕೈಗೆ ಬರಬೇಕು. ಇಂತಹ ಜಾಣ ಚೌಕಾಶಿ ಅಪರೂಪ.

ಗೆರೆಯ ಆಚೆ ಇರುವವರ ಕತೆ ಬೇರೆ. 2009ರ ಫೆಬ್ರವರಿ 12ರಂದು ಬಫಲೋ ಬಳಿ ಬಿದ್ದು 50 ಮಂದಿಯನ್ನು ಬಲಿ ತೆಗೆದುಕೊಂಡ ವಿಮಾನದ ಟಿಕೆಟ್ ಕಾಂಟಿನೆಂಟಲ್‌ನದ್ದು, ಹಾರಿಸಿದ್ದು ಕೋಲ್ಗನ್ ಏರ್. ಸಹಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕು ವಿಮಾನಗಳಲ್ಲಿ ಕುಳಿತು ಡ್ಯೂಟಿಗೆ ಬಂದಿದ್ದರು. ಆಕೆಯ ವಾರ್ಷಿಕ ಸಂಬಳ 25,000 ಡಾಲರ್ ಕೂಡಾ ಇರಲಿಲ್ಲ. ತನಿಖೆ ಮುಖ್ಯವಾಗಿ ದೂರಿದ್ದು ಕ್ಯಾಪ್ಟನ್‌ನ ತಪ್ಪು ಪ್ರತಿಕ್ರಿಯೆಯನ್ನು, ಹೌದು. ಆದರೆ ಅಷ್ಟು ಸಂಬಳದಲ್ಲಿ ಡ್ಯೂಟಿಯ ಊರಲ್ಲಿ ಮನೆ ಮಾಡುವುದಾದರೂ ಹೇಗೆ?

ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಡೆಲ್ಟಾದವರನ್ನೂ ಪ್ರತಿನಿಧಿಸುತ್ತದೆ, ಹಲವು ಪ್ರಾದೇಶಿಕ ಕಂಪೆನಿಗಳವರನ್ನೂ. ಒಬ್ಬರಿಗಾಗಿ ಕಟ್ಟಿದ ಗೋಡೆ ಇನ್ನೊಬ್ಬರ ದಾರಿಗೆ ಅಡ್ಡ. 2001ರಲ್ಲಿ 89 ದಿನ ಮುಷ್ಕರ ಹೂಡಿದ ಕೊಮೇರ್‌ನ ಕೆಲವು ಪೈಲಟ್‌ಗಳು ಇದೇ ವಿಷಯದಲ್ಲಿ ತಮ್ಮದೇ ಯೂನಿಯನ್ ಮೇಲೆ ಕೇಸು ಹಾಕಿದರು.

ಪೈಲಟ್ ಅಗ್ಗವಾದರಷ್ಟೇ ಸಣ್ಣ ಊರಿಗೆ ವಿಮಾನ ಅನ್ನುವುದು ಕಂಪೆನಿಗಳ ಹಳೆಯ ವಾದ. ಕೋವಿಡ್ ಬಳಿಕ ಅದು ತಲೆಕೆಳಗಾಯಿತು. ದೊಡ್ಡ ಕಂಪೆನಿಗಳು ಪೈಲಟ್‌ಗಳನ್ನು ಸೆಳೆದುಕೊಂಡವು. 2022ರಲ್ಲಿ ಸ್ಕೈವೆಸ್ಟ್ ಪೈಲಟ್ ಕೊರತೆ ಹೇಳಿ 29 ಸಣ್ಣ ಊರುಗಳ ಸೇವೆ ಬಿಡಲು ನೋಟಿಸ್ ಕೊಟ್ಟಿತು. ಅದೇ ವರ್ಷ ಅಮೆರಿಕನ್‌ನ ಅಂಗಸಂಸ್ಥೆಗಳಾದ ಎನ್ವಾಯ್, ಪೀಡ್ಮಾಂಟ್ ಸಂಬಳವನ್ನು ಒಮ್ಮೆಲೇ ಏರಿಸಿದವು. ಯಾವ ಮಾತುಕತೆಯೂ ಕೊಡಿಸದ್ದನ್ನು ಆಳಿನ ಅಭಾವ ಕೊಡಿಸಿತು.

2023ರಲ್ಲಿ ಡೆಲ್ಟಾ ಪೈಲಟ್‌ಗಳಿಗೆ ಒಪ್ಪಂದದ ಅವಧಿಯಲ್ಲಿ ಒಟ್ಟು ಶೇ. 34 ಏರಿಕೆ ಸಿಕ್ಕಿತು. 76ರ ಗೆರೆ ಮಾತ್ರ ಇದ್ದಲ್ಲೇ ಇದೆ.