ಬೆಲ್ ಹೊಡೆದ ಮಾತ್ರಕ್ಕೆ ಕಾಲುದಾರಿ ನಿಮ್ಮದಾಗಲ್ಲ

ನೇರವಾಗಿ ಹೇಳಿಬಿಡುತ್ತೇವೆ. ಗುಡ್ಡದ ಕಾಲುದಾರಿಯಲ್ಲಿ ಸೈಕಲ್ ಮೇಲೆ ಇನ್ನೊಬ್ಬರನ್ನು ಓವರ್‌ಟೇಕ್ ಮಾಡುವುದು ಯಾರ ಹಕ್ಕೂ ಅಲ್ಲ. ಅದು ಮುಂದೆ ಹೋಗುತ್ತಿರುವವರು ಕೊಡುವ ಅವಕಾಶ. ಅವರು ಕೊಡುವ ತನಕ ಹಿಂದಿರುವವರು ಕಾಯಬೇಕು. ಕಾಯಲು ಬಾರದವರಿಗೆ ಸೈಕಲ್ ಓಡಿಸಲು ಬರುತ್ತದೆ ಎಂದು ನಾವು ಒಪ್ಪುವುದಿಲ್ಲ.

ಈ ಮಾತು ಈಗ ಯಾಕೆ ಅಂತೀರಾ? ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕ್ ಇರುವ ಗೇರ್ ಸೈಕಲ್ ಈಗ ಪೇಟೆಯವರ ಸೊತ್ತು ಮಾತ್ರವಲ್ಲ. ಹಳ್ಳಿಯ ಹೈಸ್ಕೂಲ್ ಹುಡುಗರ ಕೈಗೂ ಬಂದಿದೆ. ಇನ್ನೊಂದು ಕಡೆ, ಬೆಂಗಳೂರಿನ ಅಂಚಿನ ತುರಹಳ್ಳಿ, ಆವಲಹಳ್ಳಿ ಕಾಡುದಾರಿಗಳಲ್ಲಿ ಓಡಿಸಿ ರೂಢಿಯಾದವರು ಹೊಸ ಗುಡ್ಡ ಹುಡುಕುತ್ತಾ ನಮ್ಮ ಊರುಗಳ ಕಡೆಗೂ ಬರುತ್ತಿದ್ದಾರೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅವರು 'ಸಿಂಗಲ್ ಟ್ರ್ಯಾಕ್' ಎಂದು ಕರೆಯುವುದು ಏನನ್ನು? ಒಂದು ಸೈಕಲ್ ಹಿಡಿಸುವಷ್ಟು ಅಗಲದ, ಒಬ್ಬರ ಹಿಂದೆ ಒಬ್ಬರು ಸಾಗಬೇಕಾದ ದಾರಿಯನ್ನು. ನಮ್ಮ ಭಾಷೆಯಲ್ಲಿ ಅದು ಕಾಲುದಾರಿ. ಕುರಿ ಹೋಗುವ ದಾರಿ. ಹುಲ್ಲಿನ ಹೊರೆ ಹೊತ್ತ ಅಕ್ಕ ಮನೆಗೆ ಬರುವ ದಾರಿ. ಅದು ಯಾರ ಆಟಕ್ಕೂ ಮಾಡಿಟ್ಟ ಮೈದಾನವಲ್ಲ.

ಹೊಸ ಸವಾರರಲ್ಲಿ ಹಲವರ ಗುರು ಮೊಬೈಲ್. 2024ರ ಜುಲೈ 29ರ ಪ್ಯಾರಿಸ್ ಒಲಿಂಪಿಕ್ಸ್ ಓಟದ ತುಣುಕನ್ನು ನೀವೂ ನೋಡಿರಬಹುದು. ಎಲಾಂಕೂರ್ ಎಂಬ ಗುಡ್ಡ, ಕೊನೆಯ ಸುತ್ತು. ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿ ಮುಂದೆ, ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಹಿಂದೆ. ಒಂದು ಮರದ ಬಳಿ ದಾರಿ ಎರಡಾಗಿ ಕವಲೊಡೆದು ಮತ್ತೆ ಕೂಡುತ್ತದೆ. ಪಿಡ್‌ಕಾಕ್ ಇನ್ನೊಂದು ಕವಲಿಗೆ ನುಗ್ಗಿದ, ಕೂಡುವ ಜಾಗದಲ್ಲಿ ಇಬ್ಬರಿಗೂ ತಾಗಿತು, ಪಿಡ್‌ಕಾಕ್ ಮುಂದೆ ಹೋಗಿ ಚಿನ್ನ ಗೆದ್ದ. ಅದಕ್ಕೂ ಮುಂಚೆ ಅವನ ಸೈಕಲ್ ಪಂಕ್ಚರ್ ಆಗಿ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದ. ಸಾಹಸವೇ ಸರಿ. ಆದರೂ ಫ್ರೆಂಚ್ ಪ್ರೇಕ್ಷಕರು ಅವನತ್ತ ಕೂಗಿ ಗೇಲಿ ಮಾಡಿದರು.

ಆ ಓವರ್‌ಟೇಕ್ ಸರಿಯೋ ತಪ್ಪೋ ಎಂಬ ವಾದ ನಮಗೆ ಬೇಡ. ಅದು ರೇಸು. ಆ ದಾರಿಗೆ ಎದುರಿನಿಂದ ಯಾರೂ ಬರುವುದಿಲ್ಲ, ಕರು ಅಡ್ಡ ಹಾಯುವುದಿಲ್ಲ, ಕಾಯಲು ಸಿಬ್ಬಂದಿ ಇರುತ್ತಾರೆ, ಬಿದ್ದರೆ ಎತ್ತಲು ವೈದ್ಯರಿರುತ್ತಾರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐನ ನಿಯಮವೇ ಬೇರೆ: ವೇಗವಾಗಿ ಬರುವವರಿಗೆ ಅಡ್ಡಿ ಮಾಡದೆ ದಾರಿ ಬಿಡಬೇಕು. ಮೊದಲ ಸ್ಥಾನದಲ್ಲಿರುವವನಿಗಿಂತ ತೀರಾ ಹಿಂದೆ ಬಿದ್ದವರನ್ನು ಓಟದಿಂದಲೇ ಹೊರಗೆ ಕರೆಯುತ್ತಾರೆ. ಕಿರಿದಾದ ದಾರಿಯಲ್ಲಿ ಮುಂದೆ ಹೋಗುವುದು ಕಷ್ಟ ಎಂದು ಗೊತ್ತಿರುವುದರಿಂದಲೇ ಓಟ ಶುರುವಾಗುವ ಜಾಗವನ್ನು ಅಗಲವಾಗಿ ಇಡುತ್ತಾರೆ.

ಈ ರೇಸಿನ ನಿಯಮವನ್ನು ಜೇಬಿನಲ್ಲಿಟ್ಟುಕೊಂಡು ಊರ ದಾರಿಗೆ ಬರುವುದೇ ಎಲ್ಲ ಜಗಳದ ಮೂಲ. 'ನಾನು ಫಾಸ್ಟ್, ನೀನು ಸ್ಲೋ, ಸೈಡ್ ಕೊಡು.' ಇದರ ಜೊತೆಗೆ ಸ್ಟ್ರಾವಾದಂಥ ಆ್ಯಪ್‌ಗಳು. ಗುಡ್ಡದ ಒಂದು ತುಂಡು ದಾರಿಗೆ ಯಾರದು ಕಡಿಮೆ ಸಮಯ ಎಂದು ಪಟ್ಟಿ ಹಾಕಿ, ಮೊದಲಿಗನಿಗೆ ಬೆಟ್ಟದ ರಾಜ ಎಂಬ ಪಟ್ಟ ಕಟ್ಟುತ್ತವೆ. ಸ್ವಾಮಿ, ನಿಮ್ಮ ಸಮಯ ಎಂಟು ಸೆಕೆಂಡ್ ಕಡಿಮೆಯಾಗಲಿ ಎಂದು ಮೊಣಕಾಲು ನೋವಿನ ಅಜ್ಜ ಯಾಕೆ ಮುಳ್ಳಿನ ಪೊದೆಗೆ ಸರಿಯಬೇಕು?

ಹಾಗಾದರೆ ಸಾರ್ವಜನಿಕ ದಾರಿಯ ನಿಯಮ ಏನು? ಅದನ್ನು ನಾವು ಹೊಸದಾಗಿ ಹುಟ್ಟಿಸಬೇಕಿಲ್ಲ. ಅಮೆರಿಕದ ಸವಾರರೇ 1988ರಲ್ಲಿ ಕಟ್ಟಿದ ಇಂಬಾ ಎಂಬ ಸಂಘಟನೆ ಹೇಳುತ್ತದೆ: ಸೈಕಲ್ ನಿಯಂತ್ರಣದಲ್ಲಿರಲಿ, ನಡೆಯುವವರಿಗೆ ದಾರಿ ಬಿಡಿ, ಇಳಿಯುವವರು ಹತ್ತುವವರಿಗೆ ದಾರಿ ಬಿಡಿ, ಪ್ರಾಣಿಗಳನ್ನು ಬೆದರಿಸಬೇಡಿ. ಹತ್ತುವವರಿಗೆ ಯಾಕೆ ಮೊದಲ ಮಣೆ? ಏರಿನಲ್ಲಿ ಒಮ್ಮೆ ಕಾಲು ಊರಿದರೆ ಮತ್ತೆ ಹತ್ತಿ ಹೊರಡುವುದು ಎಷ್ಟು ಕಷ್ಟ ಎಂಬುದು ಏರು ತುಳಿದವರಿಗೆ ಗೊತ್ತು. ಇಂಗ್ಲೆಂಡಿನಲ್ಲಿ ಇದು ಕಾನೂನೇ. 1968ರ ಕಾಯ್ದೆ ಕುದುರೆ ದಾರಿಗಳಲ್ಲಿ ಸೈಕಲ್ ಓಡಿಸಲು ಹಕ್ಕು ಕೊಟ್ಟಿತು, ಕೊಡುವಾಗಲೇ ಷರತ್ತನ್ನೂ ಹಾಕಿತು: ನಡೆಯುವವರಿಗೂ ಕುದುರೆಯವರಿಗೂ ಸೈಕಲ್ಲಿನವರು ದಾರಿ ಬಿಡಬೇಕು. ಹಕ್ಕು ಮತ್ತು ಹೊಣೆ ಒಂದೇ ಸಾಲಿನಲ್ಲಿ ಬಂದವು.

ಹೊಣೆ ಮರೆತರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಮೌಂಟನ್ ಬೈಕ್ ಎಂಬ ಆಟ ಬೆಳೆದದ್ದು ಕ್ಯಾಲಿಫೋರ್ನಿಯಾದ ಮರಿನ್ ಎಂಬ ಗುಡ್ಡಗಾಡು ಪ್ರದೇಶದಲ್ಲಿ. 1976ರಲ್ಲಿ ಅಲ್ಲಿನ ಹುಡುಗರು ಹಳೆಯ ಭಾರದ ಸೈಕಲ್‌ಗಳಲ್ಲಿ ಇಳಿಜಾರಿನ ಓಟ ಶುರು ಮಾಡಿದರು. ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕ್ ಕಾದು ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲ ಮತ್ತೆ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ಓಟಕ್ಕೆ 'ರಿಪ್ಯಾಕ್' ಎಂದು ಹೆಸರು. ಅಂಥ ಜಾಗದಲ್ಲೇ ನಡೆಯುವವರಿಗೂ ಸೈಕಲ್ಲಿನವರಿಗೂ ಜಗಳ ಹತ್ತಿತು. ಹೆಚ್ಚಿನ ಕಾಲುದಾರಿಗಳು ಸೈಕಲ್‌ಗೆ ಬಂದ್ ಆದವು. ಅಗಲದ ದಾರಿಗಳಲ್ಲೂ ಗಂಟೆಗೆ 15 ಮೈಲಿ, ಅಂದರೆ 24 ಕಿಲೋಮೀಟರ್ ಮಿತಿ ಬಂತು. ಯಾರನ್ನಾದರೂ ದಾಟುವಾಗ, ಕಾಣದ ತಿರುವಿನಲ್ಲಿ 5 ಮೈಲಿ, ಅಂದರೆ 8 ಕಿಲೋಮೀಟರ್. ಆಟ ಹುಟ್ಟಿದ ಊರಿನಲ್ಲೇ ಆಟಕ್ಕೆ ಬೇಲಿ ಬಿತ್ತು. ನಮ್ಮಲ್ಲಿ ಬೀಳುವುದಿಲ್ಲ ಎಂದು ಯಾವ ಧೈರ್ಯದ ಮೇಲೆ ಹೇಳುತ್ತೀರಿ? ಒಂದು ಅಪಘಾತ, ಒಂದು ಕುರಿಯ ಕಾಲು ಮುರಿತ ಸಾಕು. ದಾರಿಗೆ ಮುಳ್ಳು ಬೀಳುತ್ತದೆ. ಆಗ ಸೈಕಲ್ ಕಲಿಯುತ್ತಿರುವ ಊರ ಹುಡುಗ ಹುಡುಗಿಯರಿಗೂ ದಾರಿ ಇಲ್ಲ. ವಿಜಯಪುರ, ಬಾಗಲಕೋಟೆ ಸೀಮೆಯ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಷ್ಟ್ರ ಮಟ್ಟದ ಪದಕ ತಂದ ರಾಜ್ಯ ಇದು. ನಾಲ್ಕು ಜನರ ಅವಸರಕ್ಕೆ ಆ ಬಾಗಿಲು ಮುಚ್ಚಬಾರದು.

ಇನ್ನು 'ಸ್ಕಿಲ್' ವಿಷಯಕ್ಕೆ ಬರೋಣ. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು ಬರುವುದು ಕೌಶಲ ಅಲ್ಲ. ಕಲ್ಲು ಉರುಳಿಸಿದರೆ ಅದೂ ವೇಗವಾಗಿಯೇ ಬರುತ್ತದೆ. ಮುಂದೆ ಹತ್ತು ಹದಿನೈದು ಅಡಿ ದೂರ ಕಣ್ಣಿಟ್ಟು, ಸೀಟಿನಿಂದ ಎದ್ದು, ಎರಡೂ ಪೆಡಲ್ ಸಮಮಟ್ಟದಲ್ಲಿಟ್ಟು, ತಿರುವಿಗೆ ಮೊದಲೇ ವೇಗ ಇಳಿಸಿ, ಎರಡೂ ಬ್ರೇಕನ್ನು ಹದವಾಗಿ ಹಿಡಿದು, ನಿಲ್ಲಬೇಕೆಂದ ಜಾಗದಲ್ಲಿ ನಿಲ್ಲುವುದು ಕೌಶಲ. ಮುಂದಿರುವವರು ನಡಿಗೆಯ ವೇಗದಲ್ಲಿದ್ದರೆ, ಕಾಲು ಊರದೆ ಅದೇ ವೇಗದಲ್ಲಿ ಹಿಂದೆ ಹೋಗುವುದು ಇನ್ನೂ ದೊಡ್ಡ ಕೌಶಲ. ನಂಬಿಕೆ ಇಲ್ಲದಿದ್ದರೆ ನೂರು ಅಡಿ ಮಾಡಿ ನೋಡಿ. ಹ್ಯಾಂಡಲ್ ಅಲ್ಲಾಡುತ್ತದೆ, ಬೆವರು ಇಳಿಯುತ್ತದೆ. ಓವರ್‌ಟೇಕ್ ಮಾಡುವವರಲ್ಲಿ ಎಷ್ಟೋ ಜನ ಮುಂದೆ ನುಗ್ಗುವುದು ವೇಗ ಇದೆಯೆಂದಲ್ಲ, ನಿಧಾನಕ್ಕೆ ಓಡಿಸಲು ಬರುವುದಿಲ್ಲ ಎಂದು.

ದಾರಿಗೂ ಪೆಟ್ಟು ಬೀಳುತ್ತದೆ. ಹಿಂದಿನ ಬ್ರೇಕ್ ಗಟ್ಟಿ ಹಿಡಿದು ಚಕ್ರ ಜಾರಿಸಿದರೆ ಮಣ್ಣು ಕೆರೆದು ಗೀರು ಬೀಳುತ್ತದೆ. ಮಳೆಗಾಲದಲ್ಲಿ ಆ ಗೀರಿನಲ್ಲೇ ನೀರು ಹರಿದು ಕೊರಕಲಾಗುತ್ತದೆ. ಪಕ್ಕದ ಹುಲ್ಲಿನ ಮೇಲೆ ಹತ್ತಿಸಿ ದಾಟಿದರೆ ಒಂದು ದಾರಿ ಎರಡಾಗುತ್ತದೆ, ಬೇರು ಬಿಟ್ಟುಕೊಂಡ ಮಣ್ಣು ಸಡಿಲವಾಗುತ್ತದೆ. ಶೋಕಿ ಮಾಡಿದವರು ಸೋಮವಾರ ಆಫೀಸಿನಲ್ಲಿರುತ್ತಾರೆ. ಕೊರಕಲಿನಲ್ಲಿ ಕಾಲು ಉಳುಕಿಸಿಕೊಳ್ಳುವುದು ಸೌದೆ ಹೊತ್ತವರು.

'ಬೆಲ್ ಹೊಡೆದೆವಲ್ಲ' ಎನ್ನುವವರಿಗೂ ಒಂದು ಮಾತು. ಬೆಲ್ ಅಂದರೆ 'ನಾನು ಬಂದಿದ್ದೇನೆ' ಎಂಬ ಸುದ್ದಿ, 'ನೀನು ತೊಲಗು' ಎಂಬ ಆಜ್ಞೆಯಲ್ಲ. ಹಿಂದಿನಿಂದ ಏಕಾಏಕಿ ಸದ್ದಾದರೆ ಕುರಿ ದಾರಿ ಬಿಡುವುದಿಲ್ಲ, ಚೆದುರುತ್ತದೆ. ಮನುಷ್ಯರು ಗಾಬರಿಯಲ್ಲಿ ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯದೆ ನಿಮ್ಮ ಚಕ್ರಕ್ಕೇ ಬರುತ್ತಾರೆ. ಬಾಯಿ ಇದೆಯಲ್ಲ? ದೂರದಿಂದಲೇ ವೇಗ ತಗ್ಗಿಸಿ, 'ಅಜ್ಜಾ, ಹಿಂದೆ ಇಬ್ಬರು ಸೈಕಲ್ಲಿನವರು ಇದ್ದೀವಿ, ನಿಮಗೆ ಅನುಕೂಲ ಆದಲ್ಲಿ ದಾರಿ ಬಿಡಿ' ಅನ್ನಿ. ಅಗಲವಾದ ಜಾಗ ಬಂದಾಗ ಅವರೇ ನಿಲ್ಲುತ್ತಾರೆ. ಯಾವ ಬದಿಯಿಂದ ಹೋಗುತ್ತೀರಿ, ಹಿಂದೆ ಇನ್ನೆಷ್ಟು ಜನ ಇದ್ದಾರೆ ಎಂದು ಹೇಳಿ ದಾಟಿ. ಮಂದೆ ಎದುರಾದರೆ ಇಳಿದು ಪಕ್ಕಕ್ಕೆ ನಿಲ್ಲಿ. ಮಂದೆ ದಾಟಿಸುವುದು ಹೇಗೆಂದು ಕುರಿಗಾಹಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ನಿಧಾನಕ್ಕೆ ಹೋಗುವ ಸೈಕಲ್ ಸವಾರರನ್ನೂ ನಾವು ಬಿಡುವುದಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹಿಂದೆ ನಾಲ್ಕು ಜನ ಕಾಯುತ್ತಿದ್ದರೂ ಹಟ ಹಿಡಿದು ಓಡಿಸುವುದು ಸೌಜನ್ಯವಲ್ಲ. ತಿರುವಿನಲ್ಲಿ ನಿಂತು ಸೆಲ್ಫಿ ತೆಗೆಯುವುದಂತೂ ಅಪಾಯ. ಯಾರಾದರೂ ಕೇಳಿದರೆ, ಮುಂದಿನ ಅಗಲದ ಜಾಗದಲ್ಲಿ ಒಂದು ಕಾಲು ಊರಿ ನಿಂತು ಬಿಟ್ಟುಕೊಡಿ. ಆದರೆ ಆ ಜಾಗ ಯಾವುದು ಎಂದು ತೀರ್ಮಾನಿಸುವವರು ಮುಂದಿರುವವರು. ಹಿಂದಿರುವವರು ಅಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಸೈಕಲ್ ಓಡಾಟ ಹೆಚ್ಚಿರುವ ಗುಡ್ಡದ ಬುಡದಲ್ಲಿ ಗ್ರಾಮ ಪಂಚಾಯಿತಿ ಒಂದು ಬೋರ್ಡ್ ಹಾಕಲಿ. ಅರಣ್ಯದ ಜಾಗವಾದರೆ ಇಲಾಖೆಯನ್ನು ಕೇಳಿ ಹಾಕಲಿ. ಮೂರೇ ಸಾಲು ಸಾಕು: ನಡೆಯುವವರಿಗೆ, ದನ ಕುರಿಗಳಿಗೆ ಮೊದಲ ದಾರಿ. ಇಳಿಯುವವರು ನಿಲ್ಲಿ, ಹತ್ತುವವರನ್ನು ಬಿಡಿ. ಕೇಳದೆ ಓವರ್‌ಟೇಕ್ ಮಾಡಬೇಡಿ. ಹೈಸ್ಕೂಲಿನ ಪಿಟಿ ಮೇಷ್ಟ್ರು ಮಕ್ಕಳಿಗೆ ಸೈಕಲ್ಲಿನಲ್ಲಿ ವೇಗದ ಪೈಪೋಟಿ ಇಡುವ ಬದಲು ಒಮ್ಮೆ ನಿಧಾನದ ಪೈಪೋಟಿ ಇಡಲಿ. ಕಾಲು ಊರದೆ ಕೊನೆಗೆ ಮುಟ್ಟಿದವರಿಗೇ ಬಹುಮಾನ. ಹಳ್ಳಿಯ ಕ್ರೀಡಾಕೂಟಗಳಲ್ಲಿ 'ಸ್ಲೋ ಸೈಕಲ್' ಎಂದು ಈ ಆಟ ಮೊದಲಿನಿಂದಲೂ ಇದೆ.

ರೇಸ್ ಬೇಕಾದವರು ರೇಸ್‌ಗೆ ಹೆಸರು ಕೊಡಿ, ನಂಬರ್ ಕಟ್ಟಿಕೊಳ್ಳಿ, ನಾವೇ ಬಂದು ಚಪ್ಪಾಳೆ ತಟ್ಟಿ ವರದಿ ಬರೆಯುತ್ತೇವೆ. ಊರ ಕಾಲುದಾರಿಗೆ ಬಂದಾಗ ಮಾತ್ರ ಬ್ರೇಕ್ ಮೇಲೆ ಬೆರಳಿರಲಿ.