ಉಳುವ ಎತ್ತಿಗೆ ಹುಲ್ಲಿಲ್ಲ

ಉಪನ್ಯಾಸಕರ ಪಾಠ ಸುಧಾರಿಸಬೇಕಂತೆ. ಅದಕ್ಕೆ ನಾಯಕತ್ವ ಬೇಕಂತೆ, ವೃತ್ತಿ ತರಬೇತಿ ಬೇಕಂತೆ. ಬೇಡ ಅಂದವರಾರು? ಯಾರಿಗೆ ತರಬೇತಿ, ಯಾರು ನಾಯಕರು ಅಂತ ಕೇಳಿದರೆ ಮಾತ್ರ ದೊಡ್ಡವರ ಬಾಯಿಗೆ ಬೀಗ ಬೀಳುತ್ತದೆ.

1987ರಲ್ಲಿ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳ ಯೋಜನೆ ತಂತು. ಅವೇ ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮಾಳವೀಯರ ಹೆಸರು ಹೊತ್ತವು. ಬೋರ್ಡು ಬದಲಾಯಿತು. ಒಳಗಿನ ವ್ಯವಹಾರ ಅದೇ: ಓರಿಯೆಂಟೇಷನ್, ರಿಫ್ರೆಷರ್ ಮುಗಿಸು, ಸರ್ಟಿಫಿಕೇಟು ತಾ, ಬಡ್ತಿಯ ಫೈಲಿಗೆ ಸೇರಿಸು. ಆ ಕಾಗದದಿಂದ ಪಾಠ ಎಷ್ಟು ಬದಲಾಯಿತು ಅಂತ ಹಿಂದಿನ ಬೆಂಚಿನ ಹುಡುಗಿಯನ್ನು ಕೇಳಿದವರುಂಟೇ? ಅಲ್ಲಿಂದ ಹೊಸ ಪುಸ್ತಕ ಹೊತ್ತು ತಂದು ಓದಿ ಹೇಳಿದ ಮೇಷ್ಟ್ರುಗಳೂ ಇದ್ದಾರೆ, ಇಲ್ಲ ಅನ್ನಲಾರೆ. ಅವರು ಹೋಗುವ ಮೊದಲೂ ಓದುತ್ತಿದ್ದವರೇ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ನೊಗ ಹೊತ್ತಿರುವುದು ಸಾವಿರಾರು ಅತಿಥಿ ಉಪನ್ಯಾಸಕರು. ಅತಿಥಿಯಂತೆ! ನಮ್ಮಟ್ಟೀಲಿ ಅತಿಥಿ ಬಂದರೆ ಇದ್ದ ಗಂಜೀನೇ ಮೊದಲು ಅವನಿಗೆ ಬಡಿಸ್ತಾರೆ ಕಣ್ರಿ. ಇಲ್ಲಿ ಎಂ.ಎ. ಮುಗಿಸಿ, ನೆಟ್ ಪಾಸಾಗಿ, ವರ್ಷಗಟ್ಟಲೆ ದುಡಿದವನಿಗೆ 2022ರ ಜನವರಿಯವರೆಗೂ ಸಿಗುತ್ತಿದ್ದದ್ದು ತಿಂಗಳಿಗೆ 13,000 ರೂಪಾಯಿ. ನೆಟ್ ಇಲ್ಲದವನಿಗೆ 11,000. ಆಮೇಲೆ ಗೌರವಧನ ಏರಿತು. ಜೊತೆಗೇ ಒಬ್ಬೊಬ್ಬನ ಪಾಠ ವಾರಕ್ಕೆ 15 ಗಂಟೆಯಾಯಿತು. ಇಬ್ಬರ ಪಾಠ ಒಬ್ಬನ ಹೆಗಲಿಗೆ ಬಿತ್ತು, ಇನ್ನೊಬ್ಬ ಬೀದಿಗೆ ಬಿದ್ದ. 2023ರ ಕೊನೆಗೆ ಇವರೇ ತರಗತಿ ಬಿಟ್ಟು ಕಾಯಂ ಮಾಡಿ ಅಂತ ಧರಣಿ ಕೂತರು. ಬಡ್ತಿಯೇ ಇಲ್ಲದವನಿಗೆ ಬಡ್ತಿಯ ಸರ್ಟಿಫಿಕೇಟು ಯಾಕೆ? ಮುಂದಿನ ವರ್ಷ ಇರ್ತೀನೋ ಇಲ್ಲವೋ ಅನ್ನುವವನು ಗ್ರಂಥಾಲಯಕ್ಕೆ ಯಾವ ಪುಸ್ತಕ ತರಿಸಲಿ ಅಂತ ಯೋಚಿಸುವುದು ಹೇಗೆ? ಅವನ ಕೆಲಸ ಅಳೆಯುವವರು ಮೊದಲು ಇದನ್ನು ಅಳೆಯಲಿ.

ಇನ್ನು ನಾಯಕತ್ವ. ನಾಯಕರಾಗಲು ಮೊದಲು ಒಳಗೆ ಬಿಡಬೇಕಲ್ಲ ಸ್ವಾಮಿ. 2018ರ ಮಾರ್ಚಿನಲ್ಲಿ ಯುಜಿಸಿ ಮೀಸಲಾತಿಗೆ ವಿಭಾಗವನ್ನೇ ಘಟಕ ಮಾಡಿತು. 13 ಬಿಂದುಗಳ ಆ ರೋಸ್ಟರಿನಲ್ಲಿ ಏಳನೇ ಹುದ್ದೆ ಬರುವವರೆಗೆ ಪರಿಶಿಷ್ಟ ಜಾತಿಯವನಿಗೆ ಬಾಗಿಲಿಲ್ಲ, ಹದಿನಾಲ್ಕನೆಯದು ಬರುವವರೆಗೆ ಪಂಗಡದವನಿಗಿಲ್ಲ. ಆರು ಜನರ ವಿಭಾಗದಲ್ಲಿ ನಮ್ಮವನು ಎಂದಾದರೂ ಕಾಣುತ್ತಾನೆಯೇ? ಜನ ಬೀದಿಗಿಳಿದ ಮೇಲೆ, 2019ರಲ್ಲಿ, ಕೇಂದ್ರದ ಸಂಸ್ಥೆಗಳಿಗೆ ಕಾನೂನು ತಂದು ಅದನ್ನು ಅಳಿಸಬೇಕಾಯಿತು. ಆ ನಾಯಕತ್ವಕ್ಕೆ ಯಾವ ಕೇಂದ್ರವೂ ಸರ್ಟಿಫಿಕೇಟು ಕೊಡಲಿಲ್ಲ.

1918ರಲ್ಲಿ ಬಾಬಾಸಾಹೇಬರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠಕ್ಕೆ ನಿಂತರು. ಹುಡುಗರು ಮೆಚ್ಚಿದರು. ಜೊತೆಯ ಪ್ರಾಧ್ಯಾಪಕರು ನೀರಿನ ಹೂಜಿ ಮುಟ್ಟಬೇಡ ಅಂದರು. ತರಬೇತಿ ಬೇಕಿದ್ದದ್ದು ಯಾರಿಗೆ?

ಗೆಳೆಯರೇ, ನಿಮ್ಮ ಊರಿನ ಕಾಲೇಜಿನಿಂದ ಮುಂದಿನ ಶಿಬಿರಕ್ಕೆ ಹೊರಟವರ ಪಟ್ಟಿ ಕೇಳಿ ಪಡೆಯಿರಿ. ಅದರಲ್ಲಿ ಅತಿಥಿಗಳೆಷ್ಟು, ಹೆಣ್ಣುಮಕ್ಕಳೆಷ್ಟು, ಕೇರಿಯಿಂದ ಬಂದವರೆಷ್ಟು ಎಣಿಸಿ, ಆ ಲೆಕ್ಕವನ್ನು ಕಾಲೇಜಿನ ಗೇಟಿಗೇ ಅಂಟಿಸಿ.