ಸೊನ್ನೆಯೋ ಹುಳುಕೋ: ಕೆನಡಾದ ಹಳೆಯ ಸೆಂಟುಗಳೂ ಪಾಠಭೇದವೂ

ನಾಣ್ಯಶಾಸ್ತ್ರವನ್ನು ನಾವು ಶಾಸನಶಾಸ್ತ್ರದ ಒಡಹುಟ್ಟೆಂದು ಗೌರವಿಸುತ್ತೇವೆ. ಕದಂಬರ ಪದ್ಮಟಂಕವಾಗಲಿ ಹೊಯ್ಸಳರ ಗದ್ಯಾಣವಾಗಲಿ ಇತಿಹಾಸದ ಆಕರವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಯಂತ್ರದಲ್ಲಿ ಲಕ್ಷಗಟ್ಟಲೆ ಒತ್ತಿದ, ನಿನ್ನೆ ಮೊನ್ನೆಯವೆನ್ನಬಹುದಾದ ಕಂಚಿನ ಬಿಲ್ಲೆಗಳನ್ನು ಭೂತಗನ್ನಡಿ ಹಿಡಿದು ವಿಂಗಡಿಸುವವರನ್ನು ಕಂಡರೆ ವಿದ್ವಾಂಸರು ನಕ್ಕು ಮುಂದೆ ಸಾಗುತ್ತಾರೆ. ಕೆನಡಾದ ಹಳೆಯ ಸೆಂಟುಗಳ ಅಚ್ಚುಭೇದಗಳನ್ನು ಸಂಗ್ರಹಿಸಿ ಗುರುತಿಸುವವರ ಕೆಲಸವನ್ನು ಗಮನಿಸಿದ ಮೇಲೆ ಆ ನಗೆ ಅನುಚಿತವೆಂದು ನನಗೆ ತೋರಿದೆ. ಅವರು ಮಾಡುತ್ತಿರುವುದು ಒಂದು ಬಗೆಯ ಗ್ರಂಥಸಂಪಾದನೆಯೇ. ಅವರಿಂದ ನಾವು ಕಲಿಯಬೇಕಾದುದು ಇದೆ. ಅವರು ಜಾರುವ ಕಡೆ ನಾವೂ ಜಾರುತ್ತೇವೆಂಬುದನ್ನು ಒಪ್ಪಿಕೊಳ್ಳಬೇಕಾದುದೂ ಇದೆ.

ಮೊದಲು ವಸ್ತುವಿನ ಪರಿಚಯ. ಅಂದಿನ ಕೆನಡಾ ಪ್ರಾಂತ್ಯವು 1858ರಲ್ಲಿ ದಶಮಾಂಶ ಪದ್ಧತಿಗೆ ತಿರುಗಿದಾಗ ಅದರ ಮೊದಲ ಸೆಂಟುಗಳು ಲಂಡನ್ನಿನ ರಾಯಲ್ ಮಿಂಟ್‌ನಲ್ಲಿ ಸಿದ್ಧವಾದವು. ರೂಪಕಾರ ಲೆನರ್ಡ್ ಚಾರ್ಲ್ಸ್ ವಯನ್. ಒಂದು ಮುಖದಲ್ಲಿ ತರುಣಿ ವಿಕ್ಟೋರಿಯಾ ರಾಣಿಯ ತಲೆ, ಇನ್ನೊಂದರಲ್ಲಿ ಬಳ್ಳಿಗೆ ಹೊಂದಿದ ಮೇಪಲ್ ಎಲೆಗಳ ವೃತ್ತ, ನಡುವೆ ಬೆಲೆ ಮತ್ತು ವರ್ಷ. ವ್ಯಾಸ ಸರಿಯಾಗಿ ಒಂದು ಅಂಗುಲ. ನೂರು ಸೆಂಟು ಸೇರಿದರೆ ಒಂದು ಪೌಂಡು ತೂಕ. 1858 ಮತ್ತು 1859ರ ವರ್ಷಗಳನ್ನು ಹೊತ್ತ ಇಂಥ ನಾಣ್ಯಗಳು ಒಟ್ಟು ಸುಮಾರು ಒಂದು ಕೋಟಿ. ಅವುಗಳಲ್ಲಿ ಬಹುಪಾಲು 1859ರವು. ತೂಕದ ಬ್ಯಾಂಕ್ ಟೋಕನ್‌ಗಳಿಗೆ ಒಗ್ಗಿದ್ದ ಜನ ಈ ಹಗುರವಾದ ಬಿಲ್ಲೆಯನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. 1876ರವರೆಗೆ ಹೊಸ ಸೆಂಟನ್ನು ಒತ್ತುವ ಅಗತ್ಯವೇ ಬೀಳಲಿಲ್ಲ.

ಒಂದು ಕೋಟಿ ನಾಣ್ಯವನ್ನು ಒಂದೇ ಅಚ್ಚು ತಾಳಲಾರದು. ಮೂಲ ಆಕೃತಿಯಿಂದ ಒತ್ತುಮೊಳೆ, ಒತ್ತುಮೊಳೆಯಿಂದ ಕೆಲಸದ ಅಚ್ಚುಗಳು, ಅವು ಸವೆದಂತೆ ಮತ್ತಷ್ಟು ಅಚ್ಚುಗಳು ಎಂಬುದು ಕ್ರಮ. ವರ್ಷದ ಅಂಕಿಗಳನ್ನು ಕುಶಲಕರ್ಮಿಯು ಅಚ್ಚಿನ ಮೇಲೆ ಕೈಯಿಂದ ಹೊಡೆದು ಕೂಡಿಸುತ್ತಿದ್ದ. ಯಂತ್ರಯುಗದ ಈ ವಸ್ತುವಿನಲ್ಲಿ ಲಿಪಿಕಾರನೊಬ್ಬ ಅಡಗಿ ಕುಳಿತಿರುವುದು ಇಲ್ಲಿಯೇ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಸಾವಿರ ಪ್ರತಿಗಳೆಂದರೆ ಹಲವು ಕೈಗಳು, ಹಲವು ಕೈಗಳೆಂದರೆ ಹಲವು ಸ್ಖಾಲಿತ್ಯಗಳು. ಅಚ್ಚಿನ ವಿಷಯವೂ ಹಾಗೆಯೇ.

1859ರ ಸೆಂಟುಗಳಲ್ಲಿ ಕೊನೆಯ ಒಂಬತ್ತನ್ನು ನೋಡಿರಿ. ಕೆಲವುಗಳಲ್ಲಿ ಅದು ಅಗಲ, ಹೆಚ್ಚಿನವುಗಳಲ್ಲಿ ಕಿರಿದು. ಅಗಲವಾದ ಒಂಬತ್ತಿನ ಒಳಗೆ ಎಂಟರ ಅವಶೇಷ ಕಾಣುವ ನಾಣ್ಯಗಳಿವೆ: 1858ರ ಅಚ್ಚನ್ನು ಎಸೆಯದೆ ಎಂಟರ ಮೇಲೆ ಒಂಬತ್ತನ್ನು ಹೊಡೆದು ಬಳಸಿದ್ದಾರೆ. ಇದು ಉದ್ದೇಶಪೂರ್ವಕ ತಿದ್ದುಪಡಿ. ಕಿರಿದಾದ ಒಂಬತ್ತು ಎರಡು ಬಾರಿ ಬಿದ್ದು ನೆರಳುಗೂಡಿದ ನಾಣ್ಯಗಳೂ ಇವೆ. ಇದು ಅಂಕಿಯನ್ನು ಸರಿಯಾಗಿ ಕೂರಿಸುವ ಯತ್ನದ ಗುರುತು. ಎಲೆ, ತೊಟ್ಟು, ಅಕ್ಷರಗಳನ್ನು ಮತ್ತೆ ಹೊಡೆದು ದುರಸ್ತಿ ಮಾಡಿದ ಅಚ್ಚುಗಳು ಮತ್ತೊಂದು ವರ್ಗ. ಇವಲ್ಲದೆ ಹಿತ್ತಾಳೆಯಲ್ಲಿ ಒತ್ತಿದ ವಿರಳ ನಾಣ್ಯಗಳನ್ನೂ ಸಂಗ್ರಾಹಕರು ಅರಸುತ್ತಾರೆ. ಆದರೆ ಅದು ಲೋಹದ ಭೇದ, ಅಚ್ಚಿನ ಭೇದವಲ್ಲ. ಓಲೆಯ ಬದಲು ಕಾಗದದಲ್ಲಿ ಬರೆದ ಮಾತ್ರಕ್ಕೆ ಪಾಠ ಬೇರೆಯಾಗುವುದಿಲ್ಲವಷ್ಟೆ.

ಎಲ್ಲ ಉಬ್ಬೂ ಅಂಕಿಯಲ್ಲ ಎಂಬಲ್ಲಿ ನಿಜವಾದ ತೊಡಕು ಆರಂಭವಾಗುತ್ತದೆ. ಅಚ್ಚಿನಲ್ಲಿ ಒಂದು ಚೂರು ಹಾರಿಹೋದರೆ ನಾಣ್ಯದಲ್ಲಿ ಅಲ್ಲಿ ಲೋಹ ಉಬ್ಬಿ ನಿಲ್ಲುತ್ತದೆ. ಆ ಉಬ್ಬು ಒಂಬತ್ತಿನ ಹೊಟ್ಟೆಯಲ್ಲಿದ್ದರೆ, ಎಂಟನ್ನು ಬಯಸುವ ಕಣ್ಣಿಗೆ ಎಂಟೇ ಕಾಣುತ್ತದೆ. ಇದನ್ನು ಪರರ ದೋಷವೆಂದು ಹೇಳುತ್ತಿಲ್ಲ. ಸಂಶೋಧನೆಯ ಆರಂಭದ ವರ್ಷಗಳಲ್ಲಿ ನಾನೂ ಒಂದು ಓಲೆಯಲ್ಲಿ ಸೊನ್ನೆಯನ್ನು ಓದಿ ಪಾಠಾಂತರವೆಂದು ದಾಖಲಿಸಿದ್ದೆ. ಅದರ ಮೇಲೆ ಅರ್ಧ ಪುಟದ ವ್ಯಾಕರಣ ಚರ್ಚೆಯನ್ನೂ ಕಟ್ಟಿದ್ದೆ. ಎರಡನೆಯ ಬಾರಿ ಓಲೆಯನ್ನು ಬೆಳಕಿಗೆ ಹಿಡಿದಾಗ ಸೊನ್ನೆಯ ಮೂಲಕ ಕಿಟಕಿ ಕಾಣಿಸಿತು. ಅದು ಹುಳು ಕೊರೆದ ರಂಧ್ರ. ಅರ್ಧ ಪುಟವನ್ನು ಹೊಡೆದುಹಾಕಿದೆ. ಅಂದಿನ ನಾಚಿಕೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಒಳ್ಳೆಯ ನಾಣ್ಯಸಂಗ್ರಾಹಕರು ಈ ತೊಡಕಿಗೆ ಕಂಡುಕೊಂಡ ಪರೀಕ್ಷೆ ಮೆಚ್ಚತಕ್ಕದ್ದು. ಒಂದೇ ಅಚ್ಚಿನಿಂದ ಹೊರಬಂದ ಹಲವು ನಾಣ್ಯಗಳನ್ನು ಅವರು ಸಾಲಾಗಿ ಇಡುತ್ತಾರೆ. ಅಚ್ಚಿನ ಬಿರುಕು ಬೆಳೆಯುತ್ತದೆಯೇ ಹೊರತು ತಾನಾಗಿ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಯಾವುದು ಮೊದಲಿನದು, ಯಾವುದು ಅನಂತರದ್ದು ಎಂಬುದು ತಿಳಿಯುತ್ತದೆ. ಎಂಟರಂತೆ ಕಾಣುವ ಗುರುತು ತೀರ ಮೊದಲಿನ ನಾಣ್ಯದಲ್ಲಿಯೂ ಇದ್ದು, 1858ರ ಎಂಟರ ಆಕಾರಕ್ಕೆ ಹೊಂದಿದರೆ ಅದು ತಿದ್ದುಪಡಿ. ಮೊದಲಿಗಿಲ್ಲದೆ ನಡುವೆ ಹುಟ್ಟಿ ಬೆಳೆಯುತ್ತ ಹೋದರೆ ಅದು ಕೇವಲ ಸವೆತ. ಅಚ್ಚುಗಳು ಕಣ್ಣೆದುರಿಗಿಲ್ಲದಿದ್ದರೂ ಅವುಗಳ ಸಂತಾನದಿಂದ ಅವುಗಳ ಚರಿತ್ರೆಯನ್ನು ಹೀಗೆ ಮರಳಿ ಕಟ್ಟಬಹುದು.

1891ರ ಸೆಂಟುಗಳು ಇದಕ್ಕಿಂತ ಸ್ವಾರಸ್ಯಕರ. ಆ ವರ್ಷ ಅಂಕಿಗಳಲ್ಲಿ ದೊಡ್ಡವು, ಚಿಕ್ಕವು ಎಂದು ಎರಡು ಬಗೆ. ಎಲೆಗಳಲ್ಲಿಯೂ ಎರಡು ಬಗೆ. ಲೆಕ್ಕದ ಪ್ರಕಾರ ನಾಲ್ಕು ಜೋಡಣೆಗಳಿರಬೇಕು. ಪಟ್ಟಿಗಳಲ್ಲಿ ಇರುವುದು ಮೂರು: ದೊಡ್ಡ ಎಲೆ ದೊಡ್ಡ ಅಂಕಿ, ದೊಡ್ಡ ಎಲೆ ಚಿಕ್ಕ ಅಂಕಿ, ಚಿಕ್ಕ ಎಲೆ ಚಿಕ್ಕ ಅಂಕಿ. ಇಲ್ಲದ ನಾಲ್ಕನೆಯದೇ ಇಲ್ಲಿ ಸಾಕ್ಷಿ. ಅಂಕಿ ಮೊದಲು ಬದಲಾಯಿತು, ಎಲೆ ಅನಂತರ ಬದಲಾಯಿತು ಎಂದು ಊಹಿಸಿದರೆ ಮೂರೂ ಸಾಲಾಗಿ ನಿಲ್ಲುತ್ತವೆ, ನಾಲ್ಕನೆಯದರ ಗೈರುಹಾಜರಿಯೂ ಸಹಜವಾಗುತ್ತದೆ. ನಡುವಣ ಜೋಡಣೆಯೇ ಮೂರರಲ್ಲಿ ವಿರಳ. ಎರಡು ಶಾಖೆಗಳ ಲಕ್ಷಣಗಳನ್ನು ಕೂಡಿಸಿಕೊಂಡ ಹಸ್ತಪ್ರತಿಯೊಂದು ಕೈಗೆ ಸಿಕ್ಕಾಗ ಸಂಪಾದಕನಿಗಾಗುವ ಸಂತೋಷವನ್ನು ಬಲ್ಲವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇಷ್ಟು ಹೊಗಳಿದ ಮೇಲೆ ನನ್ನ ಆಕ್ಷೇಪವನ್ನೂ ಹೇಳುತ್ತೇನೆ. ಹೊಸ ಭೇದಕ್ಕೆ ಹೆಸರಿಟ್ಟೊಡನೆ ಅದಕ್ಕೆ ಬೆಲೆ ಹುಟ್ಟುತ್ತದೆ. ಬೆಲೆ ಹುಟ್ಟಿದೊಡನೆ ಭೇದಗಳು ಹೆಚ್ಚುತ್ತವೆ. ಬಿರುಕಿಗೊಂದು, ಚೂರಿಗೊಂದು ಹೆಸರಿಡುವವನು ಜ್ಞಾನವನ್ನು ಬೆಳೆಸುತ್ತಿಲ್ಲ, ಪಟ್ಟಿಯನ್ನು ಬೆಳೆಸುತ್ತಿದ್ದಾನೆ. ತಿದ್ದುಪಡಿ, ದುರಸ್ತಿ, ಸವೆತ ಈ ಮೂರನ್ನೂ ಒಂದೇ ಹೆಸರಿನಡಿ ಎಣಿಸುವುದು ತಪ್ಪು. ನಮ್ಮ ಮಹಾಪ್ರಬಂಧಗಳಲ್ಲಿ ಪಾಠಾಂತರಗಳ ಸಂಖ್ಯೆಯನ್ನೇ ಸಾಧನೆಯೆಂದು ತೋರಿಸುವ ಚಾಳಿಗೂ ಇದಕ್ಕೂ ಏನು ಅಂತರ? ಅಲ್ಲಿ ಪೇಟೆಯ ಬೆಲೆ, ಇಲ್ಲಿ ಪದವಿಯ ಬೆಲೆ. ಇನ್ನು, ಸೆಂಟನ್ನು ಉಜ್ಜಿ ಬೆಳಗಿ ಮಾರುವವನು ಮೇಲ್ಮೈಯ ಸೂಕ್ಷ್ಮ ಗುರುತುಗಳನ್ನು ಅಳಿಸುತ್ತಾನೆ. ಪ್ರತಿಯ ಅಪಪಾಠವನ್ನು ಅಡಿಟಿಪ್ಪಣಿಯಿಲ್ಲದೆ ತಿದ್ದಿ ಅಚ್ಚುಹಾಕಿಸುವ ಸಂಪಾದಕ ಮಾಡುವುದೂ ಅದನ್ನೇ.

ಕೆನಡಾ 2012ರಲ್ಲಿ ಸೆಂಟಿನ ಟಂಕನೆಯನ್ನು ನಿಲ್ಲಿಸಿತು. ಆ ಪರಂಪರೆಗೆ ಇನ್ನು ಹೊಸ ಪ್ರತಿ ಸೇರುವುದಿಲ್ಲ. ಇರುವುದನ್ನು ಸರಿಯಾಗಿ ಓದುವ ಕೆಲಸವಷ್ಟೇ ಉಳಿದಿದೆ. ನಮ್ಮ ಓಲೆಗರಿಗಳ ಸ್ಥಿತಿಯೂ ಇದೇ, ಒಂದು ವ್ಯತ್ಯಾಸದೊಡನೆ: ಸೆಂಟುಗಳು ಲಕ್ಷಾಂತರ ಉಳಿದಿವೆ, ನಮ್ಮ ಎಷ್ಟೋ ಕಾವ್ಯಗಳಿಗೆ ಉಳಿದಿರುವುದು ಕೈಬೆರಳೆಣಿಕೆಯ ಪ್ರತಿಗಳು. ಆದ್ದರಿಂದ ತಪ್ಪಾಗಿ ಓದುವ ಸ್ವಾತಂತ್ರ್ಯ ನಮಗೆ ಅವರಿಗಿಂತ ಕಡಿಮೆ. ಸಂಶೋಧನ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಪಾಠಾಂತರವೆಂದು ಬರೆಯುವ ಮುನ್ನ ಓಲೆಯನ್ನು ಒಮ್ಮೆ ಬೆಳಕಿಗೆ ಹಿಡಿಯಿರಿ.